ಊಟದ ಹೊತ್ತಿಗೆ ಮರಳಿ ಬರುತ್ತಿದ್ದ ಝಡ್ ಡ್ರೈವ್: ಒಂದು ಪ್ರಕರಣ ಅಧ್ಯಯನ

ಸಣ್ಣ ಕಚೇರಿಯೊಂದರ ಲೆಕ್ಕಪತ್ರ ವಿಭಾಗದಲ್ಲಿ ವಿಂಡೋಸ್ 10 ಇದ್ದ ಒಂದು ಕಂಪ್ಯೂಟರ್. ಅದರಲ್ಲಿ ಝಡ್ ಅಕ್ಷರದ ಒಂದು ನೆಟ್‌ವರ್ಕ್ ಡ್ರೈವ್. ಕಚೇರಿಯವರೆಲ್ಲ ಕಡತಗಳನ್ನು ಇಟ್ಟುಕೊಳ್ಳುತ್ತಿದ್ದ ಹಳೆಯ ನ್ಯಾಸ್ ಪೆಟ್ಟಿಗೆಗೆ (ನೆಟ್‌ವರ್ಕ್ ಮೂಲಕ ಎಲ್ಲರೂ ಬಳಸುವ ಡಿಸ್ಕುಗಳ ಪೆಟ್ಟಿಗೆ) ಅದು ಜೋಡಣೆಯಾಗಿತ್ತು. ಹೊಸ ನ್ಯಾಸ್ ಬಂದು, ಕಡತಗಳೆಲ್ಲ ಅದಕ್ಕೆ ನಕಲಾಗಿ, ಎಲ್ಲರಿಗೂ ಎನ್ ಎಂಬ ಹೊಸ ಡ್ರೈವ್ ಸಿಕ್ಕಿತ್ತು. ಏನಾದರೂ ಬಿಟ್ಟುಹೋಗಿದ್ದರೆ ನೋಡಿಕೊಳ್ಳಲು ಹಳೆಯದನ್ನೂ ಸ್ವಲ್ಪ ಕಾಲ ಓಡಿಸುತ್ತಿದ್ದರು. ಬೇರೆ ಕಂಪ್ಯೂಟರುಗಳಲ್ಲಿ ಝಡ್ ಅನ್ನು ತೆಗೆದರೆ ಹೋಯಿತು, ಮತ್ತೆ ಬರಲಿಲ್ಲ. ಇದೊಂದರಲ್ಲಿ ಮಾತ್ರ ತೆಗೆದಷ್ಟು ಸಲವೂ ಬಂತು.

ಬೇಡದ ಡ್ರೈವ್ ಒಂದು ಪರದೆಯ ಮೇಲೆ ಉಳಿದರೆ ಏನು ಮಹಾ ಎನ್ನಿಸಬಹುದು. ಇಲ್ಲಿ ಅದರಿಂದ ನಿಜವಾದ ಹಾನಿ ಆಗುತ್ತಿತ್ತು. ಝಡ್‌ನಲ್ಲೂ ಎನ್‌ನಲ್ಲೂ ಅದೇ ಫೋಲ್ಡರುಗಳು, ಅದೇ ಕಡತದ ಹೆಸರುಗಳು. ಕೈ ಅಭ್ಯಾಸಬಲದಿಂದ ಝಡ್‌ಗೆ ಹೋಗುತ್ತದೆ, ಹಳೆಯ ಪ್ರತಿ ತೆರೆಯುತ್ತದೆ, ಅದರಲ್ಲೇ ತಿದ್ದುಪಡಿ ಉಳಿಯುತ್ತದೆ. ಪಕ್ಕದ ಮೇಜಿನವರು ಎನ್‌ನಲ್ಲಿರುವ ಪ್ರತಿಯನ್ನು ತಿದ್ದುತ್ತಿರುತ್ತಾರೆ. ಇಬ್ಬರ ಲೆಕ್ಕವೂ ತಾಳೆಯಾಗುವುದಿಲ್ಲ, ಏಕೆಂದು ಇಬ್ಬರಿಗೂ ತಿಳಿಯುವುದಿಲ್ಲ. ನನಗೆ ಕರೆ ಬಂದದ್ದು ಡ್ರೈವ್ ಹೋಗುತ್ತಿಲ್ಲವೆಂಬ ದೂರಿಗಿಂತ ಹೆಚ್ಚಾಗಿ ಈ ತಾಳೆಯಾಗದ ಲೆಕ್ಕಕ್ಕಾಗಿ.

ಆ ಕಂಪ್ಯೂಟರಿನಲ್ಲಿ ಕೆಲಸ ಮಾಡುವ ಮೇಡಂ ಹೇಳಿದ ಒಂದು ಮಾತನ್ನು ನಾನು ಮೊದಲೇ ಬರೆದಿಟ್ಟುಕೊಂಡೆ: "ಬೆಳಿಗ್ಗೆ ತೆಗೆದರೆ ಊಟ ಮುಗಿಸಿ ಬರುವಷ್ಟರಲ್ಲಿ ಮತ್ತೆ ಬಂದಿರುತ್ತೆ ಸರ್. ಮಧ್ಯಾಹ್ನ ಬಂದದ್ದು ಏನು ಮಾಡಿದರೂ ಹೋಗಲ್ಲ. ಅದಕ್ಕೆ ಕೆಂಪು ಗುರುತು ಬೇರೆ ಇರುತ್ತೆ." ಕಚೇರಿಯಲ್ಲಿ ಉಳಿದವರು ಇದನ್ನು ಗಮನಕ್ಕೇ ತೆಗೆದುಕೊಂಡಿರಲಿಲ್ಲ. ಬೇಡದ ಡ್ರೈವ್ ಯಾವ ಹೊತ್ತಿಗೆ ಮರಳಿ ಬರುತ್ತದೆ ಎನ್ನುವುದೇ ಅದನ್ನು ಜೋಡಿಸುತ್ತಿರುವವರು ಯಾರೆಂಬುದಕ್ಕೆ ಸಿಗುವ ಅತಿ ದೊಡ್ಡ ಸುಳಿವು. ಲಾಗಿನ್ ಆದ ಕೂಡಲೇ ಬಂದರೆ ಒಂದು ದಾರಿ, ಲಾಗಿನ್‌ಗೆ ಸಂಬಂಧವಿಲ್ಲದ ಹೊತ್ತಿನಲ್ಲಿ ಬಂದರೆ ಬೇರೆಯೇ ದಾರಿ.

ತೆಗೆಯುವ ಮೊದಲು

ಮ್ಯಾಪ್ ಮಾಡಿದ ಡ್ರೈವ್ ಎಂದರೆ ದೂರದ ಫೋಲ್ಡರಿಗೆ ಕೊಟ್ಟ ಒಂದು ಅಕ್ಷರ, ಅಷ್ಟೇ. ಆ ಅಕ್ಷರವನ್ನು ಬಿಡಿಸಿದರೆ ದೂರದ ಕಡತಗಳಿಗೆ ಏನೂ ಆಗುವುದಿಲ್ಲ. ಆದರೆ ಡ್ರೈವನ್ನು ತೆರೆದು ಒಳಗಿನದೆಲ್ಲವನ್ನೂ ಆಯ್ದು ಡಿಲೀಟ್ ಒತ್ತಿದರೆ ಸರ್ವರಿನಲ್ಲಿರುವ ನಿಜವಾದ ಕಡತಗಳೇ ಹೋಗುತ್ತವೆ. ನೆಟ್‌ವರ್ಕ್ ಡ್ರೈವಿನಲ್ಲಿ ಅಳಿಸಿದ್ದು ಸಾಮಾನ್ಯವಾಗಿ ಈ ಕಂಪ್ಯೂಟರಿನ ರಿಸೈಕಲ್ ಬಿನ್‌ಗೆ ಬರುವುದೂ ಇಲ್ಲ. ಡ್ರೈವ್ ಹೋಗುತ್ತಿಲ್ಲ ಎಂಬ ಬೇಸರದಲ್ಲಿ ಜನ ಈ ಕೆಲಸಕ್ಕೆ ಕೈ ಹಾಕುತ್ತಾರೆ. ಹಾಗಾಗಿ ನಾನು ಮೊದಲು ಮಾಡಿದ್ದು ಅಲ್ಲಿದ್ದ ಎಲ್ಲರಿಗೂ ಒಂದು ಮಾತು ಹೇಳಿದ್ದು: ಝಡ್‌ನ ಒಳಗಿನ ಯಾವುದನ್ನೂ ಅಳಿಸಬೇಡಿ.

ಎರಡನೆಯದು, ಹಳೆಯ ಪೆಟ್ಟಿಗೆಯಲ್ಲಿ ಸ್ಥಳಾಂತರದ ನಂತರ ತಿದ್ದಿದ ಕಡತಗಳು ಯಾವುವೆಂದು ತಿಳಿಯಬೇಕಿತ್ತು. ಡ್ರೈವನ್ನು ಬಿಡಿಸಿ ಪೆಟ್ಟಿಗೆಯನ್ನು ಆರಿಸಿಬಿಟ್ಟರೆ ಆ ತಿದ್ದುಪಡಿಗಳು ಯಾರ ಕಣ್ಣಿಗೂ ಬೀಳದೆ ಉಳಿಯುತ್ತವೆ. ಇದಕ್ಕೆ ವಿಂಡೋಸ್‌ನಲ್ಲೇ ಇರುವ, ಕಡತ ನಕಲು ಮಾಡುವ ರೋಬೋಕಾಪಿ ಆದೇಶ ಸಾಕು. /ಎಲ್ ಎಂಬ ಆಯ್ಕೆ ಕೊಟ್ಟರೆ ಅದು ಏನನ್ನೂ ನಕಲು ಮಾಡದೆ, ನಕಲು ಮಾಡಬೇಕಾದದ್ದರ ಪಟ್ಟಿ ಮಾತ್ರ ಕೊಡುತ್ತದೆ. ಜೊತೆಗೆ /ಎಕ್ಸ್‌ಒ ಸೇರಿಸಿದರೆ ಹೊಸ ಕಡೆಗಿಂತ ಹಳತಾದ ಪ್ರತಿಗಳು ಪಟ್ಟಿಯಿಂದ ಬಿಟ್ಟುಹೋಗುತ್ತವೆ. ಉಳಿಯುವುದು ಹಳೆಯ ಪೆಟ್ಟಿಗೆಯಲ್ಲಿ ಹೆಚ್ಚು ಹೊಸದಾಗಿರುವ ಕಡತಗಳು ಮತ್ತು ಹೊಸ ಪೆಟ್ಟಿಗೆಯಲ್ಲಿ ಇಲ್ಲವೇ ಇಲ್ಲದ ಕಡತಗಳು. ನ್ಯಾಸ್ ಪೆಟ್ಟಿಗೆಗಳ ನಡುವೆ ಹೋಲಿಸುವಾಗ /ಎಫ್‌ಎಫ್‌ಟಿ ಆಯ್ಕೆಯನ್ನೂ ಕೊಡುವುದು ಒಳ್ಳೆಯದು. ಅದು ಸಮಯದಲ್ಲಿ 2 ಸೆಕೆಂಡಿನವರೆಗಿನ ವ್ಯತ್ಯಾಸವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಇಲ್ಲದಿದ್ದರೆ ತಿದ್ದದ ಸಾವಿರಾರು ಕಡತಗಳೂ ಬದಲಾದಂತೆ ಕಂಡು ಪಟ್ಟಿ ಉಪಯೋಗಕ್ಕೇ ಬರುವುದಿಲ್ಲ.

ಪಟ್ಟಿಯಲ್ಲಿ ಕೆಲವು ಎಕ್ಸೆಲ್ ಕಡತಗಳು ಸಿಕ್ಕವು. ಅವನ್ನು ಎನ್‌ನಲ್ಲಿ ಬೇರೆ ಹೆಸರಿನ ಫೋಲ್ಡರಿನಲ್ಲಿ ಇಟ್ಟು, ಯಾವ ಸಾಲು ಎಲ್ಲಿ ಸೇರಬೇಕೆಂಬ ತೀರ್ಮಾನವನ್ನು ಮೇಡಂಗೇ ಬಿಟ್ಟೆ. ದಿನಾಂಕ ನೋಡಿ ಹೊಸದು ಹಳೆಯದರ ಮೇಲೆ ಎಂದು ನಕಲು ಮಾಡುವ ಕೆಲಸವಲ್ಲ ಇದು. ಎರಡು ಪ್ರತಿಗಳನ್ನೂ ತಿದ್ದಿರುವಾಗ ಎರಡರಲ್ಲೂ ಬೇಕಾದ ಅಂಶ ಇರುತ್ತದೆ, ಅದನ್ನು ಲೆಕ್ಕ ಬಲ್ಲವರೇ ಹೇಳಬೇಕು.

ಬೆಳಗಿನ ಝಡ್

ನಾನು ಹೋದಾಗ ಬೆಳಗಿನ ಹೊತ್ತು. ಝಡ್ ಇತ್ತು, ಕೆಂಪು ಗುರುತಿರಲಿಲ್ಲ. ಕಚೇರಿಯ ಒಬ್ಬರು ಅದನ್ನು ಆಗಲೇ ಆದೇಶಗಳನ್ನು ಟೈಪ್ ಮಾಡುವ ಕಮಾಂಡ್ ಪ್ರಾಂಪ್ಟಿನಲ್ಲಿ ತೆಗೆಯಲು ನೋಡಿದ್ದರು. "ರನ್ ಆ್ಯಸ್ ಅಡ್ಮಿನಿಸ್ಟ್ರೇಟರ್" ಆರಿಸಿ ತೆರೆದು, ಝಡ್ ಅನ್ನು ಬಿಡಿಸುವ ನೆಟ್ ಯೂಸ್ ಝಡ್: /ಡಿಲೀಟ್ ಆದೇಶ ಕೊಟ್ಟಿದ್ದರು. ಅಂಥ ಸಂಪರ್ಕವೇ ಸಿಗಲಿಲ್ಲ ಎಂಬ 2250 ಸಂಖ್ಯೆಯ ದೋಷ ಬಂದಿತ್ತು. ಕಣ್ಣೆದುರಿಗೇ ಇರುವ ಡ್ರೈವ್ ಇಲ್ಲವೆಂದು ಕಂಪ್ಯೂಟರ್ ಹೇಳಿದಾಗ ಯಾರಾದರೂ ಕೈಚೆಲ್ಲುತ್ತಾರೆ.

ವಿಂಡೋಸ್ ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ವಿಂಡೋಸ್ ವಿಸ್ಟಾ ಕಾಲದಿಂದ, ದೊಡ್ಡ ಬದಲಾವಣೆಗಳಿಗೆ ಅನುಮತಿ ಕೇಳುವ ಯುಎಸಿ ವ್ಯವಸ್ಥೆ ಬಂದ ಮೇಲೆ, ಅಡ್ಮಿನಿಸ್ಟ್ರೇಟರ್ ಹಕ್ಕಿರುವವರು ಲಾಗಿನ್ ಆದರೆ ವಿಂಡೋಸ್ ಅವರಿಗೆ ಎರಡು ಗುರುತುಗಳನ್ನು ಕೊಡುತ್ತದೆ: ದಿನನಿತ್ಯದ ಕೆಲಸಕ್ಕೆ ಸಾಧಾರಣ ಹಕ್ಕಿನದು, ಅನುಮತಿ ಕೇಳಿ ತೆರೆಯುವ ಕೆಲಸಗಳಿಗೆ ಪೂರ್ಣ ಹಕ್ಕಿನದು. ಎರಡೂ ಬೇರೆಬೇರೆ ಲಾಗಿನ್ ಅಧಿವೇಶನಗಳು. ನೆಟ್‌ವರ್ಕ್ ಡ್ರೈವಿನ ಅಕ್ಷರ ಸೇರುವುದು ಅಧಿವೇಶನಕ್ಕೆ, ಇಡೀ ಕಂಪ್ಯೂಟರಿಗಲ್ಲ. ಸಾಧಾರಣ ಅಧಿವೇಶನದಲ್ಲಿ ಜೋಡಿಸಿದ ಝಡ್ ಪೂರ್ಣ ಹಕ್ಕಿನ ಪ್ರಾಂಪ್ಟಿಗೆ ಕಾಣುವುದಿಲ್ಲ. ಕಾಣದ್ದನ್ನು ಅದು ತೆಗೆಯುವುದಾದರೂ ಹೇಗೆ? ಹೆಚ್ಚು ಅಧಿಕಾರ ಇದ್ದರೆ ಹೆಚ್ಚು ಕೆಲಸ ಆಗುತ್ತದೆ ಎಂಬ ನಮ್ಮ ಸಹಜ ಊಹೆ ಈ ವಿಷಯದಲ್ಲಿ ದಾರಿ ತಪ್ಪಿಸುತ್ತದೆ. ನೆಟ್‌ವರ್ಕ್ ಡ್ರೈವ್ ಎಂದರೆ ಕಟ್ಟಿದವರೇ ಬಿಚ್ಚಬೇಕಾದ ಗಂಟು.

ಸಾಧಾರಣ ಪ್ರಾಂಪ್ಟ್ ತೆರೆದು ಬರೀ ನೆಟ್ ಯೂಸ್ ಎಂದು ಕೊಟ್ಟೆ. ಝಡ್ ಮತ್ತು ಎನ್ ಎರಡೂ ಪಟ್ಟಿಯಲ್ಲಿದ್ದವು. ಅಲ್ಲಿಂದ ಝಡ್ ಅನ್ನು ಡಿಲೀಟ್ ಮಾಡಿದೆ, ಕೂಡಲೇ ಹೋಯಿತು. ವಿಂಡೋಸ್ ತನ್ನ ಸೆಟ್ಟಿಂಗುಗಳನ್ನು ಬರೆದಿಡುವ ರಿಜಿಸ್ಟ್ರಿಯ ಕರೆಂಟ್ ಯೂಸರ್ ಭಾಗದಲ್ಲಿರುವ ನೆಟ್‌ವರ್ಕ್ ಕೀಯನ್ನೂ ನೋಡಿದೆ. ಮುಂದಿನ ಲಾಗಿನ್‌ನಲ್ಲಿ ತಾನಾಗಿ ಮರುಜೋಡಣೆಯಾಗಬೇಕಾದ ಡ್ರೈವುಗಳಿಗೆ ಅಲ್ಲಿ ಅಕ್ಷರಕ್ಕೊಂದು ಉಪಕೀ ಇರುತ್ತದೆ, ಅದರೊಳಗೆ ದೂರದ ಫೋಲ್ಡರಿನ ದಾರಿ ಬರೆದಿರುತ್ತದೆ. ಝಡ್‌ನ ಉಪಕೀ ಹೋಗಿತ್ತು. ಲಾಗ್ ಆಫ್ ಆಗಿ ಮತ್ತೆ ಲಾಗಿನ್ ಆದೆ. ಝಡ್ ಮತ್ತೆ ಬಂತು!

ಉಳಿಸಿಟ್ಟ ಮರುಜೋಡಣೆ ಇಲ್ಲದಿದ್ದರೂ ಲಾಗಿನ್ ಆದ ಕೂಡಲೇ ಡ್ರೈವ್ ಬಂದರೆ ಲಾಗಿನ್ ಹೊತ್ತಿನಲ್ಲಿ ಓಡುವ ಯಾವುದೋ ಒಂದು ಅದನ್ನು ಜೋಡಿಸುತ್ತಿದೆ ಎಂದರ್ಥ. ದೊಡ್ಡ ಕಚೇರಿಗಳಲ್ಲಿ, ಕಂಪ್ಯೂಟರ್ ಡೊಮೇನ್‌ಗೆ, ಅಂದರೆ ಒಂದೇ ಕಡೆಯಿಂದ ಆಳುವ ಜಾಲಕ್ಕೆ, ಸೇರಿದ್ದರೆ ಮೊದಲು ನೋಡಬೇಕಾದದ್ದು ಅಲ್ಲಿನ ನಿಯಮಗಳ ಪಟ್ಟಿಯಾದ ಗ್ರೂಪ್ ಪಾಲಿಸಿಯ ಡ್ರೈವ್ ಮ್ಯಾಪ್ಸ್ ಭಾಗ. ಅಲ್ಲಿ ಜೋಡಣೆಯ ನಿಯಮ ಇರುವವರೆಗೆ ಬಳಕೆದಾರರು ಎಷ್ಟು ಸಲ ತೆಗೆದರೂ ಅದು ಬರುತ್ತಲೇ ಇರುತ್ತದೆ, ಆಡಳಿತಗಾರರೇ ನಿಯಮವನ್ನು ತೆಗೆಯಬೇಕು. ಈ ಕಂಪ್ಯೂಟರ್ ಡೊಮೇನ್ ಇಲ್ಲದ ಬರೀ ವರ್ಕ್‌ಗ್ರೂಪಿನದು, ಆದ್ದರಿಂದ ಆ ದಾರಿಯನ್ನು ಬಿಟ್ಟೆ. ರನ್ ಪೆಟ್ಟಿಗೆಯಲ್ಲಿ ಶೆಲ್:ಸ್ಟಾರ್ಟಪ್ ಎಂದು ಕೊಟ್ಟು ಸ್ಟಾರ್ಟಪ್ ಫೋಲ್ಡರ್ ತೆರೆದರೆ ಅಲ್ಲಿ ಆದೇಶಗಳನ್ನು ಬರೆದಿಡುವ ಒಂದು ಬ್ಯಾಚ್ ಕಡತ, ಒಳಗೆ ಒಂದೇ ಸಾಲು: ಹಳೆಯ ಪೆಟ್ಟಿಗೆಗೆ ಝಡ್ ಜೋಡಿಸು. ಹಿಂದೆ ಯಾರೋ ಅನುಕೂಲಕ್ಕೆಂದು ಇಟ್ಟದ್ದು. ಅದನ್ನು ಬೇರೆ ಕಡೆಗೆ ಸರಿಸಿ, ಡ್ರೈವನ್ನು ಮತ್ತೆ ಬಿಡಿಸಿ, ರೀಸ್ಟಾರ್ಟ್ ಮಾಡಿದೆ. ಝಡ್ ಬರಲಿಲ್ಲ.

ಅಲ್ಲಿದ್ದವರಿಗೆ ಕೆಲಸ ಮುಗಿದಂತೆ ಕಂಡಿತು. ಆದರೆ ಮೇಡಂ ಹೇಳಿದ ಮಧ್ಯಾಹ್ನದ ಮಾತಿಗೆ ಸ್ಟಾರ್ಟಪ್ ಫೋಲ್ಡರಿನಲ್ಲಿ ಉತ್ತರ ಇರಲಿಲ್ಲ. ಬೆಳಿಗ್ಗೆ ಒಮ್ಮೆ ಲಾಗಿನ್ ಆದವರು ಸಂಜೆವರೆಗೂ ಲಾಗ್ ಆಫ್ ಆಗುವುದಿಲ್ಲ. ಹಾಗಿದ್ದರೆ ಊಟದ ಹೊತ್ತಿನಲ್ಲಿ ಅದನ್ನು ಯಾರು ತರುತ್ತಿದ್ದರು?

ಮಧ್ಯಾಹ್ನದ ಝಡ್

ಕಾದು ನೋಡಿದೆ. ಮಧ್ಯಾಹ್ನ ಒಂದು ಗಂಟೆ ದಾಟಿದ ಮೇಲೆ ಎಕ್ಸ್‌ಪ್ಲೋರರಿನಲ್ಲಿ ಝಡ್ ಮೂಡಿತು. ಈ ಸಲ ಕೆಂಪು ಗುರುತು, ಪೆಟ್ಟಿಗೆಯ ಹೆಸರಿರಬೇಕಾದ ಕಡೆ "ಡಿಸ್ಕನೆಕ್ಟೆಡ್ ನೆಟ್‌ವರ್ಕ್ ಡ್ರೈವ್" ಎಂಬ ಹೆಸರು. ಬಲಗುಂಡಿ ಒತ್ತಿ ಡಿಸ್ಕನೆಕ್ಟ್ ಎಂದರೆ ಈ ಸಂಪರ್ಕ ಅಸ್ತಿತ್ವದಲ್ಲೇ ಇಲ್ಲ ಎಂಬ ಉತ್ತರ. ಸಾಧಾರಣ ಪ್ರಾಂಪ್ಟಿನ ನೆಟ್ ಯೂಸ್ ಪಟ್ಟಿಯಲ್ಲಿ ಎನ್ ಮಾತ್ರ ಇತ್ತು. ಪೂರ್ಣ ಹಕ್ಕಿನ ಪ್ರಾಂಪ್ಟಿನಲ್ಲಿ ಏನೂ ಇರಲಿಲ್ಲ. ಆದರೂ ಎರಡು ಸಲ ಕ್ಲಿಕ್ ಮಾಡಿದರೆ ಡ್ರೈವ್ ತೆರೆದು ಹಳೆಯ ಫೋಲ್ಡರುಗಳೆಲ್ಲ ಕಂಡವು. ಸಂಪರ್ಕ ಇಲ್ಲ ಎಂದು ಬರೆದುಕೊಂಡಿರುವ ಡ್ರೈವಿನಲ್ಲಿ ಕಡತ ತೆರೆಯಬಹುದಿತ್ತು, ತಿದ್ದಿ ಉಳಿಸಲೂ ಬಹುದಿತ್ತು. ಲೆಕ್ಕ ಹಾಳಾಗುತ್ತಿದ್ದದ್ದು ಇಲ್ಲಿ.

ಇಂಥ ಹೊತ್ತಿನಲ್ಲಿ ಸಾಮಾನ್ಯವಾಗಿ ಸಿಗುವ ಸಲಹೆ ರಿಜಿಸ್ಟ್ರಿಯ ಮೌಂಟ್‌ಪಾಯಿಂಟ್ಸ್2 ಕೀಯಲ್ಲಿ ಆ ಸರ್ವರಿನ ಹೆಸರಿರುವ ನಮೂದನ್ನು ಅಳಿಸಿ ಎನ್ನುವುದು. ಅದು ಎಕ್ಸ್‌ಪ್ಲೋರರ್ ತನ್ನ ನೆನಪಿಗೆ ಇಟ್ಟುಕೊಳ್ಳುವ ಟಿಪ್ಪಣಿ. ನಿಜವಾದ ಜೋಡಣೆ ಹೋದ ಮೇಲೂ ಚಿತ್ರ ಮಾತ್ರ ಉಳಿದಿದ್ದರೆ ಅಳಿಸಿ ನೋಡಬಹುದು. ಇಲ್ಲಿ ಡ್ರೈವ್ ತೆರೆಯುತ್ತಿತ್ತು, ಅಂದರೆ ಹಿಂದೆ ನಿಜವಾದ ಜೋಡಣೆಯೇ ಇತ್ತು. ನೋಡ್ರೈವ್ಸ್ ನೀತಿಯಿಂದ ಝಡ್ ಅನ್ನು ಕಣ್ಣಿಗೆ ಕಾಣದಂತೆ ಮರೆಮಾಡಿ ಎಂದು ಒಬ್ಬರು ಸೂಚಿಸಿದರು. ಅದಕ್ಕೆ ನಾನು ಒಪ್ಪಲಿಲ್ಲ. ಕಾರಣ ತಿಳಿಯದ ಜೋಡಣೆಯನ್ನು ಮರೆಮಾಡಿದರೆ ಅದರ ಹಿಂದಿರುವುದೂ ಮರೆಯಾಗುತ್ತದೆ. ಈ ಪ್ರಕರಣದಲ್ಲಿ ಹಾಗೆ ಮಾಡಿದ್ದರೆ ಎಂಥ ನಷ್ಟವಾಗುತ್ತಿತ್ತೆಂದು ಸ್ವಲ್ಪ ಹೊತ್ತಿನಲ್ಲೇ ಗೊತ್ತಾಯಿತು.

ಬಳಕೆದಾರರ ಎರಡು ಅಧಿವೇಶನಗಳಲ್ಲೂ ಇಲ್ಲದ ಡ್ರೈವ್ ಎಲ್ಲರಿಗೂ ಕಾಣಬೇಕಾದರೆ ಅದು ಸಿಸ್ಟಂ ಖಾತೆಯದಾಗಿರುವ ಸಾಧ್ಯತೆಯೇ ಹೆಚ್ಚು. ವಿಂಡೋಸ್‌ನ ಸೇವೆಗಳು ಮತ್ತು ಹಲವು ನಿಗದಿತ ಕೆಲಸಗಳು ಓಡುವುದು ಲೋಕಲ್ ಸಿಸ್ಟಂ ಎಂಬ ಒಳಖಾತೆಯಲ್ಲಿ. ಬಳಕೆದಾರರು ಜೋಡಿಸಿದ ಅಕ್ಷರ ಅವರವರ ಅಧಿವೇಶನದ ಪಟ್ಟಿಗೆ ಸೇರಿದರೆ, ಸಿಸ್ಟಂ ಖಾತೆ ಜೋಡಿಸಿದ್ದು ಇಡೀ ಕಂಪ್ಯೂಟರಿಗೆ ಸೇರಿದ ಸಾರ್ವತ್ರಿಕ ಪಟ್ಟಿಗೆ ಹೋಗುತ್ತದೆ. ಒಂದು ಅಕ್ಷರವನ್ನು ಹುಡುಕುವಾಗ ವಿಂಡೋಸ್ ಮೊದಲು ಅಧಿವೇಶನದ ಪಟ್ಟಿ ನೋಡುತ್ತದೆ, ಅಲ್ಲಿ ಸಿಗದಿದ್ದರೆ ಸಾರ್ವತ್ರಿಕ ಪಟ್ಟಿಗೆ ಬರುತ್ತದೆ. ಹೀಗಾಗಿ ಸಿಸ್ಟಂನ ಝಡ್ ಎಲ್ಲ ಬಳಕೆದಾರರಿಗೂ ಕಾಣುತ್ತದೆ. ಆದರೆ ಸಂಪರ್ಕ ಬಳಕೆದಾರರದ್ದಲ್ಲದ ಕಾರಣ ಎಕ್ಸ್‌ಪ್ಲೋರರ್ ಅದನ್ನು ಕಡಿದುಹೋದದ್ದೆಂದು ತೋರಿಸುತ್ತದೆ, ತೆಗೆಯಲು ಹೋದರೆ ಇಲ್ಲವೆನ್ನುತ್ತದೆ. ತೆರೆದಾಗ ಒಳಹೋಗಲು ಬಳಕೆಯಾಗುತ್ತಿದ್ದುದು ಮೇಡಂ ಖಾತೆಯಲ್ಲಿ ಹಿಂದಿನಿಂದ ಉಳಿಸಿಟ್ಟಿದ್ದ ಪಾಸ್‌ವರ್ಡ್.

ಬೆಳಿಗ್ಗೆ ಇದು ಕಾಣದೆ ಇದ್ದುದಕ್ಕೂ ಕಾರಣ ಸರಳ. ಕಂಪ್ಯೂಟರನ್ನು ಪ್ರತಿ ಸಂಜೆ ಶಟ್‌ಡೌನ್ ಮಾಡುತ್ತಿದ್ದರು, ಆಗ ಸಿಸ್ಟಂನ ಜೋಡಣೆ ಅಳಿಯುತ್ತಿತ್ತು. ಈ ಯಂತ್ರದಲ್ಲಿ ಫಾಸ್ಟ್ ಸ್ಟಾರ್ಟಪ್ ಆಫ್ ಆಗಿತ್ತೆಂಬುದು ಗಮನಿಸಬೇಕಾದ ಸಂಗತಿ. ಅದು ಆನ್ ಇದ್ದರೆ ಶಟ್‌ಡೌನ್ ಮಾಡಿದರೂ ಕರ್ನಲ್ (ವಿಂಡೋಸ್‌ನ ತಿರುಳು ಭಾಗ) ಮತ್ತು ಸೇವೆಗಳ ಸ್ಥಿತಿ ಡಿಸ್ಕಿನಲ್ಲಿ ಉಳಿದು ಮರುದಿನ ಅಲ್ಲಿಂದಲೇ ಮುಂದುವರಿಯುತ್ತದೆ, ಸಮಯದ ಸುಳಿವು ಕಲಸಿಹೋಗುತ್ತಿತ್ತು. ಅಂಥ ಯಂತ್ರಗಳಲ್ಲಿ ಪರೀಕ್ಷಿಸುವಾಗ ರೀಸ್ಟಾರ್ಟ್ ಅನ್ನೇ ಬಳಸಬೇಕು.

ಊಹೆಯನ್ನು ಖಚಿತಪಡಿಸಿಕೊಳ್ಳಬೇಕಿತ್ತು. ಸಂಪರ್ಕಗಳ ಪಟ್ಟಿ ಕೊಡುವ ನೆಟ್‌ಸ್ಟಾಟ್‌ನಲ್ಲಿ, ಹಳೆಯ ಪೆಟ್ಟಿಗೆಯ ಕಡತ ಹಂಚಿಕೆಯ 445ನೇ ಪೋರ್ಟಿಗೆ ಸಂಪರ್ಕ ಇರುವುದು ಕಂಡಿತು. ಆದರೆ ಅದರ ಮುಂದಿನ ಪ್ರಕ್ರಿಯೆ ಸಂಖ್ಯೆ 4, ಅಂದರೆ ವಿಂಡೋಸ್ ಕರ್ನಲ್. ಕಡತ ಹಂಚಿಕೆಯ ಎಸ್‌ಎಂಬಿ ಸಂಪರ್ಕಗಳನ್ನು ಕರ್ನಲ್ಲೇ ನಡೆಸುವುದರಿಂದ ಯಾರ ಪರವಾಗಿ ನಡೆಸುತ್ತಿದೆ ಎಂಬುದು ಅಲ್ಲಿ ತಿಳಿಯುವುದಿಲ್ಲ. ಮೈಕ್ರೋಸಾಫ್ಟ್‌ನ ಸಿಸ್‌ಇಂಟರ್ನಲ್ಸ್ ಸಂಗ್ರಹದಲ್ಲಿ ಪಿಎಸ್‌ಎಕ್ಸೆಕ್ ಎಂಬ ಸಲಕರಣೆ ಇದೆ, ಅದಕ್ಕೆ -ಎಸ್ ಆಯ್ಕೆ ಕೊಟ್ಟರೆ ಆದೇಶವನ್ನು ಸಿಸ್ಟಂ ಖಾತೆಯಲ್ಲೇ ಓಡಿಸುತ್ತದೆ. ಪೂರ್ಣ ಹಕ್ಕಿನ ಪ್ರಾಂಪ್ಟಿನಿಂದ ಪಿಎಸ್‌ಎಕ್ಸೆಕ್ -ಎಸ್ ನೆಟ್ ಯೂಸ್ ಎಂದು ಕೊಟ್ಟಾಗ ಝಡ್ ಕಂಡಿತು: ಹಳೆಯ ಪೆಟ್ಟಿಗೆಯ ವಿಳಾಸ, ಹಂಚಿಕೆಯ ಹೆಸರು, ಸ್ಥಿತಿ ಓಕೆ.

ಅದನ್ನು ಕೂಡಲೇ ತೆಗೆಯಬಹುದಿತ್ತು. ತೆಗೆಯಲಿಲ್ಲ. ಮನುಷ್ಯರು ಯಾರೂ ಸಿಸ್ಟಂ ಖಾತೆಯಲ್ಲಿ ಕುಳಿತು ಕೆಲಸ ಮಾಡುವುದಿಲ್ಲ. ಅಲ್ಲಿ ಡ್ರೈವ್ ಜೋಡಣೆಯಾಗಿದೆ ಎಂದರೆ ಒಂದು ಕೆಲಸ ಅದನ್ನು ನಂಬಿಕೊಂಡು ನಡೆಯುತ್ತಿದೆ.

ಮಧ್ಯಾಹ್ನ ಒಂದರ ಕೆಲಸ

ಎಸ್‌ಸಿಎಚ್‌ಟಾಸ್ಕ್ಸ್ ಆದೇಶದಿಂದ ನಿಗದಿತ ಕೆಲಸಗಳ ಪೂರ್ಣ ವಿವರವನ್ನು ಒಂದು ಪಠ್ಯ ಕಡತಕ್ಕೆ ಬರೆಸಿಕೊಂಡು, ಸಿಸ್ಟಂ ಖಾತೆಯಲ್ಲಿ ಓಡುವಂಥವುಗಳಲ್ಲಿ ಆ ದಿನ ಮಧ್ಯಾಹ್ನ ಒಂದರ ಹೊತ್ತಿಗೆ ಓಡಿದ್ದನ್ನು ಹುಡುಕಿದೆ. ವಿಂಡೋಸ್‌ನದೇ ಆದ ಕೆಲಸಗಳು ರಾಶಿ ಇರುತ್ತವೆ, ಸಮಯ ಗೊತ್ತಿದ್ದುದರಿಂದ ಹುಡುಕಾಟ ಸುಲಭವಾಯಿತು. ಸಿಕ್ಕಿದ್ದು ಒಂದು ಬ್ಯಾಚ್ ಕಡತ. ಅದರ ಸಾಲುಗಳು ಇಷ್ಟು ಹೇಳುತ್ತಿದ್ದವು: ಹಳೆಯ ಪೆಟ್ಟಿಗೆಗೆ ಈ ಹೆಸರು, ಈ ಪಾಸ್‌ವರ್ಡ್ ಬಳಸಿ ಝಡ್ ಜೋಡಿಸು. ಡಿ ಡ್ರೈವಿನಲ್ಲಿರುವ ಲೆಕ್ಕಪತ್ರ ತಂತ್ರಾಂಶದ ದತ್ತಾಂಶವನ್ನು ರೋಬೋಕಾಪಿಯ /ಎಂಐಆರ್ ಆಯ್ಕೆಯಿಂದ ಝಡ್‌ನ ಒಂದು ಫೋಲ್ಡರಿಗೆ ನಕಲು ಮಾಡು. ಬ್ಯಾಕಪ್ ಮುಗಿಯಿತು ಎಂದು ಒಂದು ಕಡತದಲ್ಲಿ ಬರೆ. ಫಲಿತಾಂಶ ಸೊನ್ನೆ ಎಂದು ಹೇಳಿ ನಿರ್ಗಮಿಸು. ಜೋಡಿಸಿದ ಝಡ್ ಅನ್ನು ಬಿಡಿಸುವ ಸಾಲು ಇರಲೇ ಇಲ್ಲ, ಅದಕ್ಕೇ ಅದು ಸಂಜೆವರೆಗೆ ಉಳಿಯುತ್ತಿತ್ತು.

ಎಲ್ಲರೂ ಕಸವೆಂದು ತೆಗೆಯಲು ಹೊರಟಿದ್ದ ಝಡ್ ಈ ಕಚೇರಿಯ ಲೆಕ್ಕಪತ್ರದ ಏಕೈಕ ಬ್ಯಾಕಪ್ಪಿನ ದಾರಿಯಾಗಿತ್ತು. ಹೊಸ ನ್ಯಾಸ್‌ಗೆ ಸ್ಥಳಾಂತರಿಸಿದವರು ಹಂಚಿಕೆಯ ಫೋಲ್ಡರುಗಳನ್ನು ನಕಲು ಮಾಡಿದ್ದರು, ಈ ಬ್ಯಾಕಪ್ ಇರುವುದೇ ಯಾರ ಗಮನದಲ್ಲೂ ಇರಲಿಲ್ಲ. ಹಳೆಯ ಪೆಟ್ಟಿಗೆಯನ್ನು ಆರಿಸಿದ್ದರೆ ಏನಾಗುತ್ತಿತ್ತೆಂದು ಆ ಬ್ಯಾಚ್ ಕಡತವನ್ನು ಓದಿದರೇ ತಿಳಿಯುತ್ತದೆ. ಜೋಡಣೆ ವಿಫಲವಾಗುತ್ತದೆ. ಝಡ್ ಇಲ್ಲದ್ದರಿಂದ ರೋಬೋಕಾಪಿ ದೋಷ ಹೇಳಿ ನಿಲ್ಲುತ್ತದೆ. ಮುಂದಿನ ಸಾಲು ಅದನ್ನು ಲೆಕ್ಕಿಸದೆ "ಮುಗಿಯಿತು" ಎಂದು ಬರೆಯುತ್ತದೆ, ಕೊನೆಯ ಸಾಲು ಸೊನ್ನೆ ಎನ್ನುತ್ತದೆ, ಟಾಸ್ಕ್ ಶೆಡ್ಯೂಲರ್ ಯಶಸ್ವಿ ಎಂದು ತೋರಿಸುತ್ತದೆ. ದಿನವೂ ಯಶಸ್ವಿಯಾಗುತ್ತಿರುವ, ಒಂದು ಕಡತವನ್ನೂ ನಕಲು ಮಾಡದ ಬ್ಯಾಕಪ್! ಡಿಸ್ಕ್ ಕೆಟ್ಟ ದಿನ ಮಾತ್ರ ಅದು ಗೊತ್ತಾಗುತ್ತಿತ್ತು. ಇದನ್ನು ನೆನೆದರೆ ಈಗಲೂ ಎದೆ ಝಲ್ಲೆನ್ನುತ್ತದೆ.

ಸೊನ್ನೆ ಎಂದು ಹೇಳಿಸುವ ಸಾಲನ್ನು ಬರೆದವರ ಉದ್ದೇಶ ಕೆಟ್ಟದ್ದೇನಲ್ಲ. ರೋಬೋಕಾಪಿ ಕಡತಗಳನ್ನು ಸರಿಯಾಗಿ ನಕಲು ಮಾಡಿದಾಗ ಕೊಡುವ ಫಲಿತಾಂಶ 1. ಬೇರೆ ಆದೇಶಗಳಲ್ಲಿ ಸೊನ್ನೆಯಲ್ಲದ್ದು ದೋಷ, ರೋಬೋಕಾಪಿಯಲ್ಲಿ 8ಕ್ಕಿಂತ ಕಡಿಮೆಯಿದ್ದರೆ ದೋಷವಲ್ಲ. ಶೆಡ್ಯೂಲರಿನಲ್ಲಿ 1 ಕಂಡು ಯಾರೋ ಗಾಬರಿಯಾಗಿ ಆ ಸಾಲು ಸೇರಿಸಿರಬೇಕು.

ಬಿಡಿಸಿದ ಕ್ರಮ

ಮೊದಲು ಹೊಸ ಬ್ಯಾಕಪ್, ಆಮೇಲೆ ಹಳೆಯ ಜೋಡಣೆಯನ್ನು ತೆಗೆಯುವುದು. ಈ ಕ್ರಮ ತಿರುಗುಮುರುಗಾಗಬಾರದು.

ಬ್ಯಾಕಪ್ಪಿಗೆ ಡ್ರೈವ್ ಅಕ್ಷರವೇ ಬೇಕಿಲ್ಲ. ಎರಡು ಬ್ಯಾಕ್‌ಸ್ಲ್ಯಾಶ್ ಗುರುತುಗಳಿಂದ ಶುರುವಾಗುವ ನೆಟ್‌ವರ್ಕ್ ದಾರಿಯನ್ನು ನೇರವಾಗಿ ಕೊಟ್ಟರೂ ರೋಬೋಕಾಪಿ ನಕಲು ಮಾಡುತ್ತದೆ. ಅಕ್ಷರ ಇಲ್ಲದಿದ್ದರೆ ಪರದೆಯ ಮೇಲೆ ಡ್ರೈವ್ ಮೂಡುವುದೂ ಇಲ್ಲ. ಹೊಸ ನ್ಯಾಸ್‌ನಲ್ಲಿ ಬ್ಯಾಕಪ್ಪಿಗೆಂದೇ ಒಂದು ಫೋಲ್ಡರ್, ಅದಕ್ಕೆ ಮಾತ್ರ ಬರೆಯಬಲ್ಲ ಒಂದು ಖಾತೆ. ಅದೇ ಹೆಸರು, ಅದೇ ಪಾಸ್‌ವರ್ಡ್ ಇರುವ ಖಾತೆಯನ್ನು ಈ ಕಂಪ್ಯೂಟರಿನಲ್ಲೂ ತೆರೆದು ನಿಗದಿತ ಕೆಲಸವನ್ನು ಸಿಸ್ಟಂ ಬದಲು ಆ ಖಾತೆಯಲ್ಲಿ ಓಡುವಂತೆ ಬದಲಿಸಿದೆ. ವರ್ಕ್‌ಗ್ರೂಪಿನಲ್ಲಿ ಎರಡೂ ಕಡೆ ಹೆಸರು ಮತ್ತು ಪಾಸ್‌ವರ್ಡ್ ಒಂದೇ ಆಗಿದ್ದರೆ ಬೇರೆ ಕೇಳದೆ ಒಳಗೆ ಬಿಡುತ್ತದೆ. ಹೀಗೆ ಪಾಸ್‌ವರ್ಡ್ ಬ್ಯಾಚ್ ಕಡತದಲ್ಲಿ ಎಲ್ಲರ ಕಣ್ಣಿಗೆ ಬೀಳುವಂತೆ ಇರುವುದು ತಪ್ಪಿತು. ಆ ಖಾತೆಗೆ ಬ್ಯಾಚ್ ಕೆಲಸವಾಗಿ ಲಾಗಿನ್ ಆಗುವ ಹಕ್ಕನ್ನೂ, ಡಿ ಡ್ರೈವಿನ ಆ ಫೋಲ್ಡರನ್ನು ಓದುವ ಹಕ್ಕನ್ನೂ ಪ್ರತ್ಯೇಕವಾಗಿ ಕೊಡಬೇಕಾಯಿತು. ಮೊದಲನೆಯದನ್ನು ಮರೆತರೆ ಕೆಲಸ ಶುರುವಾಗುವುದೇ ಇಲ್ಲ, ಎರಡನೆಯದನ್ನು ಮರೆತರೆ ಶುರುವಾದರೂ ನಕಲು ಆಗುವುದಿಲ್ಲ.

ಬ್ಯಾಚ್ ಕಡತದಲ್ಲಿ ಫಲಿತಾಂಶ 8 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಅದೇ ಸಂಖ್ಯೆಯನ್ನು, ಇಲ್ಲದಿದ್ದರೆ ಸೊನ್ನೆಯನ್ನು ಹೇಳುವಂತೆ ಬರೆದೆ. ಮರುಪ್ರಯತ್ನದ ಮಿತಿಯನ್ನೂ ಹಾಕಿದೆ. ರೋಬೋಕಾಪಿ ತಾನಾಗಿ ಇಟ್ಟುಕೊಂಡಿರುವುದು 10 ಲಕ್ಷ ಮರುಪ್ರಯತ್ನ, ಪ್ರತಿಯೊಂದರ ನಡುವೆ 30 ಸೆಕೆಂಡು ಬಿಡುವು. ಬೀಗ ಹಾಕಿಕೊಂಡಿರುವ ಒಂದೇ ಒಂದು ಕಡತ ಎದುರಾದರೂ ಕೆಲಸ ಅಲ್ಲೇ ನಿಂತುಬಿಡಲು ಅಷ್ಟು ಸಾಕು. /ಎಂಐಆರ್ ಬಗ್ಗೆ ಸ್ವಲ್ಪ ಯೋಚಿಸಬೇಕಾಯಿತು. ಮೂಲದಲ್ಲಿ ಇಲ್ಲದ್ದನ್ನು ಅದು ನಕಲಿನಲ್ಲೂ ಅಳಿಸುತ್ತದೆ, ಮೂಲದ ಫೋಲ್ಡರ್ ಖಾಲಿಯಾದ ದಿನ ಬ್ಯಾಕಪ್ಪೂ ಖಾಲಿಯಾಗುತ್ತದೆ. ಹೊಸ ನ್ಯಾಸ್‌ನಲ್ಲಿ ದಿನಕ್ಕೊಂದು ಸ್ನ್ಯಾಪ್‌ಶಾಟ್ (ಆ ಹೊತ್ತಿನ ಸ್ಥಿತಿಯನ್ನು ಉಳಿಸಿಡುವ ಪ್ರತಿ) ತೆಗೆಯುವ ಸೌಲಭ್ಯ ಇತ್ತು, ಆ ಫೋಲ್ಡರಿಗೆ ಅದನ್ನು ಆನ್ ಮಾಡಿ /ಎಂಐಆರ್ ಅನ್ನು ಉಳಿಸಿಕೊಂಡೆ. ಸ್ನ್ಯಾಪ್‌ಶಾಟ್ ಇಲ್ಲದ ಕಡೆ ಉಳಿಸಿಕೊಳ್ಳುತ್ತಿರಲಿಲ್ಲ.

ಕೆಲಸವನ್ನು ಕೈಯಾರೆ ಓಡಿಸಿ, ಹೊಸ ಪೆಟ್ಟಿಗೆಯಿಂದ ದತ್ತಾಂಶವನ್ನು ಬೇರೊಂದು ಫೋಲ್ಡರಿಗೆ ಮರಳಿ ತಂದು, ಲೆಕ್ಕಪತ್ರ ತಂತ್ರಾಂಶದಲ್ಲಿ ತೆರೆದು ನೋಡಿ ಎಂದು ಮೇಡಂಗೆ ಕೇಳಿದೆ. ಅವರು ಸರಿಯಿದೆ ಎಂದ ಮೇಲೆಯೇ ಪಿಎಸ್‌ಎಕ್ಸೆಕ್ -ಎಸ್ ನೆಟ್ ಯೂಸ್ ಝಡ್: /ಡಿಲೀಟ್ ಕೊಟ್ಟದ್ದು. ಎಕ್ಸ್‌ಪ್ಲೋರರಿನಿಂದ ಕೆಂಪು ಗುರುತಿನ ಡ್ರೈವ್ ಹೋಯಿತು. ಪಿಎಸ್‌ಎಕ್ಸೆಕ್ ಬಳಸಲು ಅನುಮತಿಯಿಲ್ಲದ ಕಚೇರಿಗಳಲ್ಲಿ ಆ ನಿಗದಿತ ಕೆಲಸವನ್ನು ನಿಲ್ಲಿಸಿ ರೀಸ್ಟಾರ್ಟ್ ಮಾಡಿದರೂ ಇದೇ ಫಲ ಸಿಗುತ್ತದೆ.

ಉಳಿದವು ಬೇಗ ಮುಗಿದವು. ವಿಂಡೋಸ್ ಪಾಸ್‌ವರ್ಡ್‌ಗಳನ್ನು ಉಳಿಸಿಡುವ ಕ್ರೆಡೆನ್ಷಿಯಲ್ ಮ್ಯಾನೇಜರಿನಿಂದ ಹಳೆಯ ಪೆಟ್ಟಿಗೆಯ ಪಾಸ್‌ವರ್ಡ್ ತೆಗೆದೆ. ಡೆಸ್ಕ್‌ಟಾಪಿನಲ್ಲಿ ಝಡ್ ಕಡೆಗಿದ್ದ ಶಾರ್ಟ್‌ಕಟ್‌ಗಳನ್ನು ಎನ್‌ಗೆ ಬದಲಿಸಿದೆ. ಬೇರೆ ಎಕ್ಸೆಲ್ ಕಡತಗಳಿಂದ ಅಂಕಿ ಎಳೆದುಕೊಳ್ಳುವ ಕಡತಗಳಲ್ಲಿ ಎಡಿಟ್ ಲಿಂಕ್ಸ್ ತೆರೆದು ದಾರಿ ಸರಿಪಡಿಸಿದೆ. ಬ್ಯಾಚ್ ಕಡತದಲ್ಲಿ ಬಯಲಾಗಿದ್ದ ಪಾಸ್‌ವರ್ಡ್ ಬೇರೆ ಕಡೆಯೂ ಬಳಕೆಯಲ್ಲಿತ್ತು, ಅದನ್ನೂ ಬದಲಿಸಲಾಯಿತು.

ಇನ್ನೊಂದು ಉಳಿದಿತ್ತು. ಹಳೆಯ ಪೆಟ್ಟಿಗೆ ಎಸ್‌ಎಂಬಿಯ ಮೊದಲ ಆವೃತ್ತಿಯನ್ನು ಮಾತ್ರ ಬಲ್ಲದು. ಅದಕ್ಕಾಗಿಯೇ ಈ ಕಂಪ್ಯೂಟರಿನ ವಿಂಡೋಸ್ ಫೀಚರ್ಸ್‌ನಲ್ಲಿ ಆ ಆವೃತ್ತಿಯ ಬೆಂಬಲವನ್ನು ಆನ್ ಮಾಡಿಟ್ಟಿದ್ದರು. 2017ರ ಮೇ ತಿಂಗಳಲ್ಲಿ ಜಗತ್ತಿನಾದ್ಯಂತ ಕಂಪ್ಯೂಟರುಗಳನ್ನು ಹಿಡಿದ ವಾನಾಕ್ರೈ ಎಂಬ ಕುತಂತ್ರಾಂಶ ಹರಡಿದ್ದು ವಿಂಡೋಸ್‌ನ ಈ ಆವೃತ್ತಿಯಲ್ಲಿದ್ದ ದೋಷದ ಮೂಲಕ. ಅದೇ ವರ್ಷದ ಕೊನೆಯ ಭಾಗದಲ್ಲಿ ಬಂದ ವಿಂಡೋಸ್ 10ರ 1709 ಆವೃತ್ತಿಯಿಂದ ಹೊಸದಾಗಿ ಸ್ಥಾಪಿಸಿದ ಕಂಪ್ಯೂಟರುಗಳಲ್ಲಿ ಅದು ತಾನಾಗಿ ಇರುವುದಿಲ್ಲ. 15 ದಿನ ಬಳಕೆಯಾಗದಿದ್ದರೆ ತಾನೇ ತೆರವಾಗುವ ಏರ್ಪಾಡೂ ಇದೆ. ಆದರೆ ಇಲ್ಲಿ ಬೆಳಗಿನ ಬ್ಯಾಚ್ ಕಡತ ಮತ್ತು ಮಧ್ಯಾಹ್ನದ ಕೆಲಸ ಅದನ್ನು ದಿನವೂ ಬಳಸುತ್ತಿದ್ದವು. ಝಡ್‌ನ ಕೊನೆಯ ಜೋಡಣೆ ಹೋದ ಮೇಲೆ ಆ ಬೆಂಬಲವನ್ನು ತೆಗೆದು ರೀಸ್ಟಾರ್ಟ್ ಮಾಡಿದೆ. ಎನ್ ಡ್ರೈವ್ ಎಂದಿನಂತೆ ತೆರೆಯಿತು.

ಬೇರೆ ವ್ಯವಸ್ಥೆಗಳಲ್ಲಿ

ಲಿನಕ್ಸ್‌ನಲ್ಲಿ ಹೆಸರುಗಳು ಬೇರೆ, ಪ್ರಶ್ನೆ ಇದೇ: ಇದನ್ನು ಮೌಂಟ್ ಮಾಡುತ್ತಿರುವವರು (ಜೋಡಿಸುತ್ತಿರುವವರು) ಯಾರು? ಬಿಡಿಸುವ ಯುಮೌಂಟ್ ಆದೇಶ ಕೊಟ್ಟಾಗ ಹೋಗಿ ರೀಬೂಟ್ ಆದಾಗ ಬಂದರೆ, ಬೂಟ್ ಆಗುವಾಗ ಮೌಂಟ್ ಆಗಬೇಕಾದವುಗಳನ್ನು ಬರೆದಿಡುವ ಎಫ್‌ಎಸ್‌ಟ್ಯಾಬ್ ಕಡತದಲ್ಲಿ ಸಾಲು ಇದೆ ಎಂದರ್ಥ. ಫೋಲ್ಡರ್ ಒಳಗೆ ಕಾಲಿಟ್ಟ ಕ್ಷಣ ಬಂದರೆ, ಬೇಕಾದಾಗ ತಾನಾಗಿ ಮೌಂಟ್ ಮಾಡುವ ಆಟೋಎಫ್‌ಎಸ್ ಅಥವಾ ಸಿಸ್ಟಂಡಿಯ ಆಟೋಮೌಂಟ್. ಡೆಸ್ಕ್‌ಟಾಪಿನ ಕಡತ ವೀಕ್ಷಕದಲ್ಲಿ ಮಾತ್ರ ಕಂಡು ಮೌಂಟ್ ಪಟ್ಟಿಯಲ್ಲಿ ಅದರ ಹೆಸರಿಲ್ಲದಿದ್ದರೆ ಅದು ಜಿವಿಎಫ್‌ಎಸ್‌ನ ಬಳಕೆದಾರ ಮಟ್ಟದ ಜೋಡಣೆ. ಬಳಕೆಯಲ್ಲಿದೆ ಎಂದು ತಕರಾರು ಮಾಡಿದರೆ ಎಫ್‌ಯೂಸರ್ ಅಥವಾ ಎಲ್‌ಎಸ್‌ಒಎಫ್‌ನಿಂದ ಯಾವ ಪ್ರೋಗ್ರಾಂ ಹಿಡಿದುಕೊಂಡಿದೆ ಎಂದು ನೋಡಬೇಕು. ಯುಮೌಂಟ್ -ಎಲ್ ಹೆಸರನ್ನು ಕೂಡಲೇ ಬಿಡಿಸುತ್ತದೆ ನಿಜ, ಆದರೆ ತೆರೆದಿರುವ ಕಡತಗಳು ಮುಚ್ಚುವವರೆಗೆ ಒಳಗಿನ ಸಂಪರ್ಕ ಉಳಿದೇ ಇರುತ್ತದೆ. ಸರ್ವರ್ ಸತ್ತುಹೋದಾಗ ಅದು ಉಪಕಾರಿ, ಸರ್ವರ್ ಜೀವಂತ ಇರುವಾಗ ಅವಸರದಿಂದ ಬಳಸಬಾರದು. ಮ್ಯಾಕ್‌ನಲ್ಲಾದರೆ ಇಜೆಕ್ಟ್ ಮಾಡಿದ ಮೇಲೂ ಬರುತ್ತಿದ್ದರೆ ಮೊದಲು ಲಾಗಿನ್ ಐಟಂಗಳನ್ನು ನೋಡುವುದು.

ಮುಗಿಸುವ ಮುನ್ನ ನೋಡಿದ್ದು

ಮರುದಿನ ಬೆಳಿಗ್ಗೆ ಲಾಗಿನ್ ಆದಾಗಲೂ, ಮಧ್ಯಾಹ್ನ ಒಂದು ಗಂಟೆ ದಾಟಿದ ಮೇಲೂ ಝಡ್ ಬರಲಿಲ್ಲ. ಹೊಸ ಬ್ಯಾಕಪ್ಪಿನ ಲಾಗ್ ಕಡತದಲ್ಲಿ ಆ ದಿನ ಬದಲಾದ ಕಡತಗಳ ಹೆಸರುಗಳು ಬಂದಿದ್ದವು. ಬೇಕೆಂದೇ ಗುರಿಯ ದಾರಿಯನ್ನು ಒಮ್ಮೆ ತಪ್ಪಾಗಿ ಬರೆದು ಓಡಿಸಿದೆ. ಶೆಡ್ಯೂಲರ್ 16 ಎಂಬ ಫಲಿತಾಂಶವನ್ನು ತೋರಿಸಿತು, ಅಂದರೆ ವಿಫಲವಾದರೆ ಇನ್ನು ಮುಂದೆ ಕಾಣುತ್ತದೆ. ದಾರಿಯನ್ನು ಸರಿಪಡಿಸಿ, ಆ ಸಂಖ್ಯೆಯನ್ನು ಎಲ್ಲಿ ನೋಡಬೇಕೆಂದು ಮೇಡಂಗೆ ತೋರಿಸಿದೆ. ಹಳೆಯ ಪೆಟ್ಟಿಗೆಯ ಸಂಪರ್ಕ ಪಟ್ಟಿಯಲ್ಲಿ ಯಾವ ಕಂಪ್ಯೂಟರಿನ ಹೆಸರೂ ಉಳಿದಿಲ್ಲವೆಂದು ಖಚಿತವಾದ ಮೇಲೆ ಅದರ ನೆಟ್‌ವರ್ಕ್ ತಂತಿಯನ್ನು ಕಿತ್ತು, ಡಿಸ್ಕುಗಳನ್ನು ಅಳಿಸದೆ ಹಾಗೇ ಎತ್ತಿಡಲು ಹೇಳಿದೆ. ಎಕ್ಸೆಲ್ ಕಡತಗಳ ಎರಡು ಪ್ರತಿಗಳನ್ನು ಮೇಡಂ ಸೇರಿಸಿ ಮುಗಿಸುವವರೆಗೆ ಅವು ಬೇಕಾಗಬಹುದು.